ಇದ್ದಿಲಿನಿಂದ ಎಥೆನಾಲಿನವರೆಗೆ: ನಮ್ಮ ಸೀಮೆಯ ಬೆಲೆಗಳ ಚರಿತ್ರೆ



ಮುಂಡಗೋಡದ ಕಡೆ ಬೇಸಾಯ ಮಾಡಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದ: "ಸರ್, ಪೆಟ್ರೋಲಿಗೂ ನಮ್ಮ ಗೋವಿನಜೋಳಕ್ಕೂ ಏನ್ ಸಂಬಂಧರೀ?" ಪ್ರಶ್ನೆ ಚಿಕ್ಕದು. ಆದರೆ ಅದಕ್ಕೆ ಉತ್ತರ ಹೇಳಹೊರಟರೆ ಇನ್ನೂರು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ. ಜಗತ್ತು ತನ್ನ ಉರುವಲನ್ನು ಬದಲಾಯಿಸಿದಾಗಲೆಲ್ಲ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳಲ್ಲಿ ಯಾವುದೋ ಒಂದು ವಸ್ತುವಿಗೆ ಹಠಾತ್ತನೆ ಬೆಲೆ ಬಂದಿದೆ, ಮತ್ತಾವುದೋ ವಸ್ತುವಿನ ಬೆಲೆ ಬಿದ್ದಿದೆ. ಆ ಬೆಲೆಯನ್ನು ಕಟ್ಟಿದವರು ಮಾತ್ರ ಎಂದೂ ಇಲ್ಲಿಯವರಾಗಿರಲಿಲ್ಲ.

ಮೊದಲನೆಯದು ಕಟ್ಟಿಗೆಯ ಕಾಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಹಡಗು ಕಟ್ಟಲು ಒಳ್ಳೆಯ ಸಾಗುವಾನಿ ಬೇಕಾಗಿದ್ದ ಆಂಗ್ಲರ ಕಣ್ಣು ಕಾಳಿ ಕಣಿವೆಯ ಕಾಡಿನ ಮೇಲೆ ಬಿದ್ದುದು ಸಹಜವೇ. ಮುಂದೆ ಉಗಿಯಂತ್ರವೂ ಕಬ್ಬಿಣದ ಹಡಗೂ ಬಂದವು. ಗಾಳಿಯಿಂದ ಕಲ್ಲಿದ್ದಲಿಗೆ ಜಗತ್ತು ಹೊರಳಿದ ಆ ಹೊತ್ತಿನಲ್ಲಿ ನಮ್ಮ ಮರಗಳಿಗೆ ಬಿಡುಗಡೆ ಸಿಗಬೇಕಿತ್ತಲ್ಲವೇ? ಸಿಗಲಿಲ್ಲ. ಉಗಿಯಂತ್ರ ಓಡುವುದು ಹಳಿಯ ಮೇಲೆ, ಹಳಿಗೆ ಬೇಕು ಮರದ ಸ್ಲೀಪರು. ಕಲ್ಲಿದ್ದಲು ದೂರದಿಂದ ಬರಬೇಕಾಗಿದ್ದ ಕಡೆ ರೈಲಿನ ಎಂಜಿನ್ನುಗಳೇ ಕಟ್ಟಿಗೆ ಉರಿಸಿದವು. ಹೀಗೆ ಹೊಸ ಉರುವಲು ಹಳೆಯ ಕಾಡಿನ ಮೇಲೆ ಹೊಸ ಬೇಡಿಕೆಯನ್ನೇ ಹೊರಿಸಿತು.

1878ರ ಅರಣ್ಯ ಕಾನೂನಿನ ನಂತರ ಕಾಡು ಇಲಾಖೆಯ ಸ್ವತ್ತಾಯಿತು. ಕುಮರಿ ಬೇಸಾಯಕ್ಕೆ ಕಡಿವಾಣ ಬಿತ್ತು. ಕುಣಬಿಗಳು, ಸಿದ್ದಿಗಳು, ಗೌಳಿಗಳು ತಾವು ಹುಟ್ಟಿ ಬೆಳೆದ ಕಾಡಿನಲ್ಲಿ ಕೂಲಿಯಾಳುಗಳಾದರು. ಅಳ್ನಾವರದಿಂದ ದಾಂಡೇಲಿಗೆ ರೈಲು ಹಳಿ ಹಾಕಿದ್ದು ಮುಖ್ಯವಾಗಿ ಮರ ಸಾಗಿಸಲೆಂದೇ. ಮರ ಸಾಗಣೆ ಇಳಿದ ಬಳಿಕ ಆ ಹಳಿಯ ಮಹತ್ವವೂ ಇಳಿಯಿತು. ಪ್ರಯಾಣಿಕರ ರೈಲು ನಿಂತು, 2019ರಲ್ಲಿ ಅಂಬೇವಾಡಿಯವರೆಗೆ ಮತ್ತೆ ಬರಲು ಕಾಲು ಶತಮಾನದಷ್ಟು ಕಾಲ ಹಿಡಿಯಿತು.

ಎರಡನೆಯ ಮಹಾಯುದ್ಧದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಪೆಟ್ರೋಲಿಗೆ ರೇಷನ್ ಬಂದಾಗ ದೇಶದಾದ್ಯಂತ ಬಸ್ಸುಗಳ ಹಿಂಭಾಗಕ್ಕೆ ಇದ್ದಿಲಿನ ಗ್ಯಾಸು ತಯಾರಿಸುವ ಕೊಳವೆಯಂತಹ ಒಲೆಗಳನ್ನು ಜೋಡಿಸಿದರು. ಹೊರಡುವ ಮುನ್ನ ಕ್ಲೀನರು ಬಹಳ ಹೊತ್ತು ಫ್ಯಾನು ತಿರುಗಿಸಿ ಕೆಂಡ ಮಾಡಬೇಕು, ಏರು ಬಂದಲ್ಲಿ ಪ್ರಯಾಣಿಕರು ಇಳಿದು ನಡೆಯಬೇಕು. ಇದನ್ನು ನಮ್ಮ ಮನೆಯ ಹಿರಿಯರು ನಗುತ್ತ ಹೇಳುತ್ತಿದ್ದುದುಂಟು. ಆದರೆ ಇದ್ದಿಲಿನ ಲೆಕ್ಕ ನಗುವಂಥದ್ದಲ್ಲ. ಮಣ್ಣು ಮುಚ್ಚಿ ಸುಡುವ ಭಟ್ಟಿಯಲ್ಲಿ ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಕಟ್ಟಿಗೆ ಬೇಕಾಗುತ್ತದೆ. ಯುದ್ಧ ಮುಗಿದು ಪೆಟ್ರೋಲು ಮರಳಿದೊಡನೆ ಇದ್ದಿಲು ಮತ್ತೆ ಇಸ್ತ್ರಿಪೆಟ್ಟಿಗೆಗೂ ಕಮ್ಮಾರನ ಕುಲುಮೆಗೂ ಸೀಮಿತವಾಯಿತು. ಬೇಡಿಕೆ ಹೋಯಿತು, ಕಡಿದ ಮರ ಮರಳಲಿಲ್ಲ.

ಎರಡನೆಯದು ವಿದ್ಯುತ್ತಿನ ಕಾಲ. ಸ್ವಾತಂತ್ರ್ಯಾನಂತರ ದಾಂಡೇಲಿ ಒಂದು ಕೈಗಾರಿಕಾ ಪಟ್ಟಣವಾಗಿ ಬೆಳೆಯಿತು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1959ರಲ್ಲಿ ಕಾಗದ ತಯಾರಿಸತೊಡಗಿತು. ಫೆರೋ ಮ್ಯಾಂಗನೀಸ್ ತಯಾರಿಸುವ ಕಾರ್ಖಾನೆಯೂ ಬಂದಿತು. ಕಾಗದದ ಕಾರ್ಖಾನೆಗೆ ಬಿದಿರನ್ನು ಸರಕಾರವು ಟನ್ನಿಗೆ ಒಂದೂವರೆ ರೂಪಾಯಿಯಷ್ಟು ಅಲ್ಪ ದರಕ್ಕೆ ಕೊಟ್ಟುದನ್ನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಮತ್ತೆ ಮತ್ತೆ ಬರೆದು ತೋರಿಸಿದ್ದಾರೆ. ಬುಟ್ಟಿ ಹೆಣೆಯುವ ಬಡವರು ಅದೇ ಬಿದಿರಿಗೆ ಕೊಡಬೇಕಾಗಿದ್ದ ಬೆಲೆಯೋ ಅದರ ನೂರಾರು ಪಟ್ಟು. ಮಾರುಕಟ್ಟೆಯ ಬೆಲೆ ಎಂಬುದು ಬೇಡಿಕೆ ಪೂರೈಕೆಗಳಿಂದ ಮಾತ್ರ ಹುಟ್ಟುತ್ತದೆಂದು ಪಠ್ಯಪುಸ್ತಕದಲ್ಲಿ ನಾವು ಕಲಿಸುತ್ತೇವೆ. ಒಂದು ಸರಕಾರಿ ಆದೇಶದಿಂದಲೂ ಹುಟ್ಟುತ್ತದೆ ಎಂಬುದನ್ನು ಕಾಳಿಯ ಬಿದಿರು ಮೆಳೆಗಳು ಕಲಿಸಿದವು.

ಜೋಯಿಡಾದ ದಿಗ್ಗಿಯಲ್ಲಿ ಹುಟ್ಟುವ ಕಾಳಿ ನದಿಯ ನೀರನ್ನು ವಿದ್ಯುತ್ತಾಗಿಸುವ ಕೆಲಸ ಭರದಿಂದ ಸಾಗಿದ್ದು 1970ರ ದಶಕದಲ್ಲಿ. ಅದೇ ದಶಕದಲ್ಲಿ, 1973ರ ಅರಬ್-ಇಸ್ರೇಲ್ ಯುದ್ಧದ ನಂತರ, ಜಗತ್ತಿನಲ್ಲಿ ಕಚ್ಚಾತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ತೈಲವಿಲ್ಲದ ದೇಶಗಳಿಗೆಲ್ಲ ಸ್ವಂತ ನದಿಗಳು ಬಂಗಾರದಂತೆ ಕಂಡವು. ನಾಗಝರಿಯ ವಿದ್ಯುದಾಗಾರ, 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಆಮೇಲೆ ಕೊಡಸಳ್ಳಿ, ಕದ್ರಾಗಳು ಒಂದೊಂದಾಗಿ ಮೇಲೆದ್ದವು. ಸೂಪಾ ಊರು ಮುಳುಗಿತು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಮನೆಮಠ ಕಳೆದುಕೊಂಡ ಅನೇಕರು ರಾಮನಗರದಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡರು. ಇಂದು ಈ ಲೇಖನ ಓದುತ್ತಿರುವವರಲ್ಲಿ ಕೆಲವರ ಅಜ್ಜ ಅಜ್ಜಿಯರ ಗದ್ದೆ ಆ ಜಲಾಶಯದ ತಳದಲ್ಲಿದೆ.

ಈಗ ಆ ನೀರಿಗೆ ಎರಡನೆಯ ಬಾರಿ ಬೆಲೆ ಏರುತ್ತಿದೆ. ಕಾರಣವನ್ನು ಸ್ವಲ್ಪ ವಿವರಿಸುತ್ತೇನೆ. ಪಾವಗಡದಂತಹ ಬಯಲುಗಳಲ್ಲಿ ಎದ್ದಿರುವ ಸೌರ ಫಲಕಗಳು ಹಗಲಿನಲ್ಲಿ ಧಾರಾಳವಾಗಿ ವಿದ್ಯುತ್ತು ಕೊಡುತ್ತವೆ. ಪಾವಗಡವೊಂದರ ಸಾಮರ್ಥ್ಯವೇ 2,050 ಮೆಗಾವಾಟ್. ಆದರೆ ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಸೂರ್ಯ ಇರುವುದಿಲ್ಲ. ಆದುದರಿಂದ ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ಬಿಸಿಲಿನ ಹೊತ್ತು ಅಗ್ಗವಾಗುವ ಯೂನಿಟ್ಟು, ಕೊರತೆಯ ದಿನಗಳ ಸಂಜೆ ನಿಯಂತ್ರಣ ಆಯೋಗ ಹಾಕಿದ ಗರಿಷ್ಠ ಮಿತಿಯಾದ 10 ರೂಪಾಯಿಯನ್ನೂ ಮುಟ್ಟಿದ್ದುಂಟು. ಗೇಟು ತೆರೆದ ಕೆಲವೇ ನಿಮಿಷಗಳಲ್ಲಿ ವಿದ್ಯುತ್ತು ಕೊಡಬಲ್ಲ ಜಲಾಶಯ ಈ ಸಂಜೆಯ ಕೊರತೆಗೆ ಮದ್ದು. ಸೂಪಾದ ನೀರು ಹೀಗೆ ಸೌರಯುಗದಲ್ಲಿ ಇನ್ನಷ್ಟು ಅಮೂಲ್ಯವಾಗಿದೆ. ಮುಳುಗಿದ ಗದ್ದೆಗೆ ಕೊಟ್ಟ ಪರಿಹಾರವೋ, ಅಂದಿನ ಲೆಕ್ಕದಲ್ಲಿ ಒಮ್ಮೆಗೇ ಮುಗಿದುಹೋಯಿತು.

ಇನ್ನು ಮ್ಯಾಂಗನೀಸಿನ ವಿಚಾರ. ಜೋಯಿಡಾದ ಕಾಡಿನಲ್ಲಿ ಒಂದು ಕಾಲಕ್ಕೆ ಮ್ಯಾಂಗನೀಸ್ ಗಣಿಗಳಿದ್ದವೆಂಬುದು ಇಂದಿನ ಮಕ್ಕಳಿಗೆ ತಿಳಿಯದು. ಅದಿರಿನ ಮುಖ್ಯ ಬಳಕೆ ಉಕ್ಕಿಗೆ. ಈಗಲೂ ಜಗತ್ತಿನ ಮ್ಯಾಂಗನೀಸಿನ ಬಹುಪಾಲು ಹೋಗುವುದು ಅಲ್ಲಿಗೇ. ಅದಿರನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಒಂದು ಟನ್ ಫೆರೋ ಮ್ಯಾಂಗನೀಸ್ ಪಡೆಯಲು ಸುಮಾರು 3,000 ಯೂನಿಟ್ ವಿದ್ಯುತ್ತು ಬೇಕು. ಅಂದರೆ ಆ ಲೋಹ ಒಂದರ್ಥದಲ್ಲಿ ಗಟ್ಟಿಗೊಳಿಸಿದ ವಿದ್ಯುತ್ತು. ಅದಿರು ಪಕ್ಕದಲ್ಲೇ ಇದ್ದರೂ ವಿದ್ಯುತ್ ದರ ಏರಿದರೆ ಕುಲುಮೆ ನಡೆಸುವುದು ಕಷ್ಟ. 1972ರ ವನ್ಯಜೀವಿ ಕಾಯಿದೆ, 1980ರ ಅರಣ್ಯ ಸಂರಕ್ಷಣಾ ಕಾಯಿದೆಗಳು ಬಂದ ಮೇಲೆ ಕಾಡಿನ ಗಣಿಗಳು ಕ್ರಮೇಣ ನಿಂತವು. ಆ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂಬ ಹೆಸರನ್ನೇ ಪಡೆಯಿತು.

ನಾವೆಲ್ಲ ಬಳಸಿದ ಟಾರ್ಚಿನ ಸೆಲ್ಲನ್ನು ಒಡೆದು ನೋಡಿದವರಿಗೆ ಅದರೊಳಗಿನ ಕಪ್ಪು ಪುಡಿ ನೆನಪಿರಬಹುದು. ಅದರಲ್ಲಿದ್ದುದು ಮ್ಯಾಂಗನೀಸ್ ಡೈಆಕ್ಸೈಡ್. ಅದೇ ಲೋಹ ಈಗ ವಿದ್ಯುತ್ ವಾಹನಗಳ ಕೆಲವು ಬಗೆಯ ಬ್ಯಾಟರಿಗಳಿಗೂ ಬೇಕಾಗಿದೆ. 2024ರ ಮಾರ್ಚಿನಲ್ಲಿ ಆಸ್ಟ್ರೇಲಿಯದ ಗ್ರೂಟ್ ಐಲ್ಯಾಂಡ್‌ಗೆ ಮೇಗನ್ ಚಂಡಮಾರುತ ಅಪ್ಪಳಿಸಿ ಅಲ್ಲಿನ ಹಡಗುಕಟ್ಟೆ ಮುರಿದಾಗ, ಜಗತ್ತಿನ ಮ್ಯಾಂಗನೀಸ್ ಅದಿರಿನ ಬೆಲೆ ಕೆಲವು ತಿಂಗಳು ಗಗನಕ್ಕೇರಿ ಮತ್ತೆ ಇಳಿಯಿತು. ಆಫ್ರಿಕದ ಗ್ಯಾಬನ್ ದೇಶ 2029ರಿಂದ ಕಚ್ಚಾ ಅದಿರಿನ ರಫ್ತು ನಿಲ್ಲಿಸುವುದಾಗಿ 2025ರಲ್ಲಿ ಘೋಷಿಸಿತು. ಬ್ಯಾಟರಿಯ ಇನ್ನೊಂದು ಮೂಲವಸ್ತುವಾದ ಲಿಥಿಯಮ್ಮಿನ ಬೆಲೆಯಂತೂ 2022ರ ಕೊನೆಯಲ್ಲಿ ಚೀನಾದಲ್ಲಿ ಟನ್ನಿಗೆ ಆರು ಲಕ್ಷ ಯುವಾನ್ ಸಮೀಪಿಸಿ, 2024ರ ಆರಂಭಕ್ಕೆ ಒಂದು ಲಕ್ಷಕ್ಕೂ ಕೆಳಗಿಳಿಯಿತು. ಇಂತಹ ಏರಿಳಿತವನ್ನು ನಂಬಿ ಕಾಳಿಯ ಕಾಡನ್ನು ಮತ್ತೆ ಅಗೆಯಬೇಕೆಂದು ಯಾರಾದರೂ ಹೇಳಿದರೆ, ಇದ್ದಿಲಿನ ಕಥೆಯನ್ನು ಅವರಿಗೆ ಓದಿಸಬೇಕು.

ಮೂರನೆಯದು ಬೆಳೆಯೇ ಉರುವಲಾದ ಕಾಲ. ಆ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಇದಕ್ಕೂ ಮೂಲ 1973ರ ತೈಲಾಘಾತವೇ. ಅದರಿಂದ ತತ್ತರಿಸಿದ ಬ್ರೆಜಿಲ್ 1975ರಲ್ಲಿ ಕಬ್ಬಿನಿಂದ ಮದ್ಯಸಾರ ತೆಗೆದು ಕಾರು ಓಡಿಸುವ ಯೋಜನೆ ಹೂಡಿತು. ಅಲ್ಲಿನ ಕಾರ್ಖಾನೆಗಳು ತೈಲದ ಬೆಲೆ ಏರಿದಾಗ ಹೆಚ್ಚು ಎಥೆನಾಲ್, ಇಳಿದಾಗ ಹೆಚ್ಚು ಸಕ್ಕರೆ ತಯಾರಿಸುತ್ತವೆ. ಅಂದಿನಿಂದ ಜಗತ್ತಿನ ಸಕ್ಕರೆಯ ಬೆಲೆಗೆ ತೈಲದ ಬೆಲೆಯ ನಂಟು ಬಿದ್ದಿತು. ಅಮೆರಿಕವು ಗೋವಿನಜೋಳವನ್ನು ಎಥೆನಾಲಿಗೆ ಹರಿಸಿದಾಗ, 2007ರ ಜನವರಿಯಲ್ಲಿ ಮೆಕ್ಸಿಕೋದ ಬಡವರು ತಮ್ಮ ರೊಟ್ಟಿಯ ಬೆಲೆ ಏರಿತೆಂದು ಬೀದಿಗಿಳಿದರು.

ನಮ್ಮ ದೇಶದಲ್ಲಿ 2003ರಲ್ಲಿ ಶೇಕಡಾ 5ರ ಮಿಶ್ರಣದೊಂದಿಗೆ ಆರಂಭವಾದ ಕಾರ್ಯಕ್ರಮ ಬಹುಕಾಲ ಕುಂಟುತ್ತಿತ್ತು. 2022ರಲ್ಲಿ ಶೇಕಡಾ 10, 2025ರಲ್ಲಿ ಶೇಕಡಾ 20 ಮುಟ್ಟಿತು. ಹಳಿಯಾಳದ ಸಕ್ಕರೆ ಕಾರ್ಖಾನೆ ಮೊದಲು ಜಿಎಂಆರ್ ಸಂಸ್ಥೆಯದಾಗಿದ್ದು 2010ರಲ್ಲಿ ಇಐಡಿ ಪ್ಯಾರಿಯವರ ಕೈಗೆ ಬಂದುದು ನಿಮಗೆ ಗೊತ್ತೇ ಇದೆ. ಕೂರಿಗೆಯಲ್ಲಿ ಭತ್ತ ಬಿತ್ತುತ್ತಿದ್ದ ಎಷ್ಟೋ ಹೊಲಗಳು ಕಬ್ಬಿನ ಗದ್ದೆಗಳಾದವು. ಇಂತಹ ಕಾರ್ಖಾನೆಯಲ್ಲಿ ಕಬ್ಬಿನ ಯಾವ ಭಾಗವೂ ವ್ಯರ್ಥವಲ್ಲ: ರಸದಿಂದ ಸಕ್ಕರೆ, ಸಿಪ್ಪೆ ಉರಿಸಿ ವಿದ್ಯುತ್ತು, ಕಾಕಂಬಿಯಿಂದ ಎಥೆನಾಲ್. ಬೇಕೆಂದರೆ ರಸದಿಂದಲೇ ನೇರವಾಗಿ ಎಥೆನಾಲ್ ತೆಗೆಯಲೂಬಹುದು. ಆದರೆ 2023ರಲ್ಲಿ ಮಳೆ ಕೈಕೊಟ್ಟು ಸಕ್ಕರೆ ಕಡಿಮೆಯಾಗುವ ಭಯ ಹುಟ್ಟಿದಾಗ, ಆ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಕಬ್ಬಿನ ರಸವನ್ನು ಎಥೆನಾಲಿಗೆ ಬಳಸುವುದಕ್ಕೆ ತಡೆಯೊಡ್ಡಿತು.

ಆಗ ತೆರೆದ ಬಾಗಿಲಿನಿಂದ ಒಳಬಂದುದು ಗೋವಿನಜೋಳ. 2024ರ ಜನವರಿಯಲ್ಲಿ ಗೋವಿನಜೋಳದ ಎಥೆನಾಲಿಗೆ ಲೀಟರಿಗೆ 71 ರೂಪಾಯಿ 86 ಪೈಸೆ ದರ ನಿಗದಿಯಾಯಿತು. ಒಂದು ಕ್ವಿಂಟಲ್ ಕಾಳಿನಿಂದ ಸುಮಾರು 38 ಲೀಟರ್ ದೊರೆಯುತ್ತದೆ. ಗುಣಿಸಿ ನೋಡಿ: ಸುಮಾರು 2,730 ರೂಪಾಯಿ. ಉಳಿದ ಹಿಂಡಿ ಪಶು ಆಹಾರವಾಗಿ ಮಾರಾಟವಾಗುತ್ತದೆ. ಕಾರ್ಖಾನೆಯವನು ಅದನ್ನು ಕೂಡಿಸಿ, ತನ್ನ ಖರ್ಚು ಮತ್ತು ಲಾಭ ಕಳೆದು ಉಳಿದುದನ್ನಷ್ಟೇ ಕಾಳಿಗೆ ಕೊಡಬಲ್ಲ. ಅಂದರೆ ಮುಂಡಗೋಡದ ಗೋವಿನಜೋಳದ ಬೆಲೆಗೆ ಈಗ ದೆಹಲಿಯಲ್ಲಿ ನಿಗದಿಯಾದ ಇಂಧನದ ದರವೇ ಒಂದು ಛಾವಣಿ. ಆ ವರ್ಷ ಬೆಲೆ ಏರಿತು, ಕೋಳಿ ಸಾಕುವವರು ಕಂಗೆಟ್ಟರು, ರಫ್ತು ಮಾಡುತ್ತಿದ್ದ ದೇಶ ಆಮದಿಗೆ ಇಳಿಯಿತು. ಬೆಲೆ ಕಂಡ ರೈತರು ಹೆಚ್ಚು ಬಿತ್ತಿದರು. ಅತ್ತ ಆಹಾರ ನಿಗಮದ ಅಕ್ಕಿಯನ್ನೂ ಎಥೆನಾಲಿಗೆ ಕೊಡಲಾಯಿತು. 2025ರ ಸುಗ್ಗಿಯ ಹೊತ್ತಿಗೆ, ಬೆಂಬಲ ಬೆಲೆ 2,400 ರೂಪಾಯಿ ಇದ್ದರೂ, ಕರ್ನಾಟಕದ ಮಾರುಕಟ್ಟೆಗಳಲ್ಲಿ ಗೋವಿನಜೋಳ 2,000ಕ್ಕೂ ಕೆಳಗೆ ಕುಸಿಯಿತು. ಅದೇ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಕೇಳಿ ರೈತರು ಹೋರಾಡಿ, ಕೊನೆಗೆ 3,300ಕ್ಕೆ ಒಪ್ಪಿದರು.

ಇದ್ದಿಲು, ಬಿದಿರು, ನೀರು, ಅದಿರು, ಕಬ್ಬು, ಗೋವಿನಜೋಳ. ಇವುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಉರುವಲಿನ ಬದಲಾವಣೆಯೇ ಕೆಟ್ಟದ್ದಲ್ಲ. ಹೊಗೆಯಿಂದ ಜಗತ್ತು ಬಿಡಿಸಿಕೊಳ್ಳಲೇಬೇಕು. ನಮ್ಮ ತಾಯಂದಿರು ಊದುಗೊಳವೆ ಹಿಡಿದು ಕಣ್ಣು ಕೆಡಿಸಿಕೊಂಡ ಕಾಲ ಮರಳಿ ಬರಬೇಕೆಂದು ನಾನು ಹೇಳಲಾರೆ. ಆದರೆ ಪ್ರತಿ ಬದಲಾವಣೆಯಲ್ಲಿಯೂ ಬೆಲೆ ಏರುವಾಗ ಲಾಭ ದೂರಕ್ಕೆ ಹರಿದಿದೆ, ಬೆಲೆ ಇಳಿಯುವಾಗ ನಷ್ಟ ಇಲ್ಲಿಯೇ ನಿಂತಿದೆ. ಸರಕಾರದ ಒಂದು ಆದೇಶದಿಂದ ಬಂದ ಬೆಲೆ ಮತ್ತೊಂದು ಆದೇಶದಿಂದ ಹೋಗಬಲ್ಲದು. ಆದುದರಿಂದ ಹೊಲವನ್ನೆಲ್ಲ ಒಂದೇ ಬೆಳೆಗೆ ಒಪ್ಪಿಸದಿರುವುದು ವಿವೇಕ. ಜೋಯಿಡಾದ ಕುಣಬಿ ಹೆಣ್ಣುಮಕ್ಕಳು ಬಗೆಬಗೆಯ ಗೆಡ್ಡೆಗೆಣಸುಗಳನ್ನು ಉಳಿಸಿಕೊಂಡು ಬಂದು ಮೇಳದಲ್ಲಿ ಮಾರುತ್ತಾರಲ್ಲ, ಆ ಬೆಲೆಯನ್ನು ಅವರೇ ಹೇಳುತ್ತಾರೆ. ಅದು ಚಿಕ್ಕ ಮಾರುಕಟ್ಟೆ, ನಿಜ. ಆದರೆ ಅಲ್ಲಿ ಮಾರುವವಳ ಮಾತಿಗೆ ಬೆಲೆಯಿದೆ.

ನಿಮ್ಮ ಮನೆಗಳಲ್ಲಿ ಇದ್ದಿಲು ಭಟ್ಟಿ, ಮ್ಯಾಂಗನೀಸ್ ಗಣಿ ಅಥವಾ ಮುಳುಗಿದ ಸೂಪಾ ಪೇಟೆಯನ್ನು ಕಂಡ ಹಿರಿಯರಿದ್ದರೆ, ಅವರ ಮಾತನ್ನು ಇಂದೇ ಬರೆದಿಟ್ಟುಕೊಳ್ಳಿ. ಅಂದಿನ ಕೂಲಿ ಎಷ್ಟು, ಪರಿಹಾರ ಎಷ್ಟು, ಅಕ್ಕಿಯ ಬೆಲೆ ಎಷ್ಟು ಎಂದು ಅಂಕಿಗಳನ್ನೂ ಕೇಳಿ. ನನಗೂ ಕಳುಹಿಸಿದರೆ ಸಂತೋಷ. ಮುಂದಿನ ಬಾರಿ ಯಾರಾದರೂ ಹೊಸ ಉರುವಲಿನ ಹೆಸರಿನಲ್ಲಿ ನಮ್ಮ ನೆಲಕ್ಕೆ ಬೆಲೆ ಕಟ್ಟಲು ಬಂದಾಗ, ಹಿಂದಿನ ಲೆಕ್ಕ ನಮ್ಮ ಕೈಯಲ್ಲಿರಬೇಕು.