ಶಾಲೆಗಳಲ್ಲಿ ಹೊತ್ತೊಯ್ಯಬಹುದಾದ ಸೌರವಿದ್ಯುತ್ತು: ಚರಿತ್ರೆ

ಕರೆಂಟು ಕೈಕೊಡುವ ಶಾಲೆಗಳಿಗಾಗಿ ರೂಪುಗೊಂಡ, ಹೊತ್ತೊಯ್ಯಬಹುದಾದ ಸೌರಸಾಧನಗಳ ಕಥೆಯನ್ನು ಸಾಮಾನ್ಯವಾಗಿ ಫಲಕದ ಕಥೆಯಾಗಿ ಹೇಳುವುದುಂಟು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಸುಮಾರು ಶೇ. 6 ದಕ್ಷತೆಯ ಸಿಲಿಕಾನ್ ಕೋಶವನ್ನು ತೋರಿಸಿದ್ದೇ ಇದರ ಬುಡ, ನಿಜ. ಆದರೆ ತರಗತಿಗಳಲ್ಲಿ ನಿಂತು ಬಾಳಿದ ಪ್ರಯತ್ನಗಳಲ್ಲಿ ಎರಡು ಪ್ರಶ್ನೆಗಳಿಗೆ ಮೊದಲೇ ಉತ್ತರವಿತ್ತು: ಎಷ್ಟು ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ನಡೆದೀತು, ಕೆಟ್ಟಾಗ ರಿಪೇರಿ ಮಾಡುವವರು ಯಾರು? 1968ರಲ್ಲೇ ನೈಜರ್ ದೇಶದಲ್ಲಿ ಶಾಲಾ ಟೀವಿಗೆ ಸೌರಫಲಕ ಜೋಡಿಸಲು ಸಾಧ್ಯವಾದದ್ದು, ಟ್ರಾನ್ಸಿಸ್ಟರ್ ಸೆಟ್ಟಿಗೆ ಹತ್ತಾರು ವ್ಯಾಟ್ ಸಾಕಾಗುತ್ತಿದ್ದುದರಿಂದ. ಇದಕ್ಕೆ ವ್ಯತಿರಿಕ್ತವಾಗಿ, 2005ರಲ್ಲಿ ಟ್ಯೂನಿಸ್‌ನಲ್ಲಿ ಪ್ರದರ್ಶಿಸಿದ ಮಕ್ಕಳ ಲ್ಯಾಪ್‌ಟಾಪಿಗೆ ಕೈಯಿಂದ ತಿರುಗಿಸುವ ಹಿಡಿಕೆಯಿತ್ತು. ಜಗತ್ತು ಬೆರಗಾದದ್ದು ಅದಕ್ಕೇ. 2007ರಲ್ಲಿ ತಯಾರಾಗಿ ಬಂದ ಯಂತ್ರದಲ್ಲಿ ಆ ಹಿಡಿಕೆ ಇರಲಿಲ್ಲ: ಬೆರಗು ಹುಟ್ಟಿಸುವುದು ಬೇರೆ, ನಿಂತು ಬಾಳುವುದು ಬೇರೆ.

ಭಾರತದ ಅನುಭವ ಇನ್ನೂ ಸ್ಪಷ್ಟ. ರಾಜಸ್ಥಾನದ ತಿಲೋನಿಯಾದಲ್ಲಿ, ಹಗಲೆಲ್ಲ ದನ-ಕುರಿ ಮೇಯಿಸುವ ಮಕ್ಕಳ ರಾತ್ರಿಶಾಲೆಗಳಿಗೆ ಬೇರ್‌ಫುಟ್ ಕಾಲೇಜು ಎಂಬ ಸಂಸ್ಥೆ ಸೌರಲಾಂದ್ರ ಒದಗಿಸಿತು. ಅವನ್ನು ಜೋಡಿಸಿ ದುರಸ್ತಿ ಮಾಡಲು ಹೆಚ್ಚು ಓದಿಲ್ಲದ ಹಳ್ಳಿಯವರನ್ನೇ ತರಬೇತುಗೊಳಿಸಿತು. ಕರ್ನಾಟಕದಲ್ಲಿ, ಹರೀಶ್ ಹಂದೆಯವರು 1995ರಲ್ಲಿ ಇನ್ನೊಬ್ಬರೊಂದಿಗೆ ಸೇರಿ ಕಟ್ಟಿದ ಸೌರವಿದ್ಯುತ್ ಸಂಸ್ಥೆ ಸೆಲ್ಕೋ ಫಲಕವನ್ನು ಶಾಲೆಯಲ್ಲಿ ನಿಲ್ಲಿಸಿ ಬ್ಯಾಟರಿಯನ್ನು ಮಾತ್ರ ಮಗುವಿನ ಕೈಗೆ ಕೊಟ್ಟಿತು. ಬೆಳಿಗ್ಗೆ ಪುಟ್ಟ ಬ್ಯಾಟರಿಯನ್ನು ಶಾಲೆಯಲ್ಲಿ ಚಾರ್ಜಿಗೆ ಸಿಕ್ಕಿಸಬೇಕು, ಸಂಜೆ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗಿ ಎಲ್‌ಇಡಿ ದೀಪಕ್ಕೆ ಜೋಡಿಸಿ ಓದಬೇಕು. ಬೆಳಕು ಬೇಕೆಂದರೆ ಶಾಲೆಗೆ ಬರಲೇಬೇಕು ಎಂಬ ಈ ಏರ್ಪಾಟು ಯಾವ ಯಂತ್ರಕ್ಕಿಂತಲೂ ಜಾಣತನದ್ದು. ಮುಂದೆ ಐಐಟಿ ಬಾಂಬೆ ಹತ್ತು ಲಕ್ಷ ಓದುದೀಪಗಳ ಯೋಜನೆ ಕೈಗೊಂಡಾಗಲೂ ಜೋಡಣೆ, ಮಾರಾಟ, ರಿಪೇರಿಗಳನ್ನು ಸ್ಥಳೀಯರಿಗೇ ಒಪ್ಪಿಸಿತು.

ಇವೆಲ್ಲ ತಾತ್ಕಾಲಿಕ ಉಪಾಯ, ಬಡ ಮಕ್ಕಳಿಗೂ ಪೂರ್ಣ ವಿದ್ಯುತ್ ಸಂಪರ್ಕವೇ ಸಿಗಬೇಕು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ದೀಪ ಹಂಚಿದ ನೆಪದಲ್ಲಿ ತಂತಿ ಎಳೆಯುವುದನ್ನು ಮುಂದೂಡುವುದು ಅನ್ಯಾಯವೇ ಸರಿ. ಆದರೆ ಕಂಬ ಬಂದ ಊರಲ್ಲೆಲ್ಲ ಪಾಠದ ಹೊತ್ತಿಗೆ ಕರೆಂಟು ಇರುತ್ತದೆಂದೇನೂ ಇಲ್ಲ. ಅದು ಸರಿಹೋಗುವವರೆಗೆ ಮಗುವಿನ ಓದಿನ ವರ್ಷಗಳು ಕಾದು ನಿಲ್ಲುವುದಿಲ್ಲ. ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸತ್ತು ಸಾಧನ ಮೂಲೆ ಸೇರುತ್ತದೆ ಎಂಬ ದೂರು ಹೆಚ್ಚು ಗಟ್ಟಿಯಾದದ್ದು. ಫಲಕ ಇಪ್ಪತ್ತು ವರ್ಷಕ್ಕೂ ಮಿಕ್ಕಿ ದುಡಿಯುತ್ತದೆ, ಸೀಸ-ಆಮ್ಲದ ಬ್ಯಾಟರಿಗೆ ಅಷ್ಟು ಆಯುಸ್ಸಿಲ್ಲ. ಲಿಥಿಯಂ ಬ್ಯಾಟರಿ ಹೆಚ್ಚು ಬಾಳಿದರೂ ಒಂದು ದಿನ ಬದಲಿಸಲೇಬೇಕು. ಇದು ಸೌರವಿದ್ಯುತ್ತಿನ ಸೋಲಲ್ಲ, ಲೆಕ್ಕ ಹಾಕಿದವರ ಮರೆವು. ಶಾಲೆಗೆ ಇಂಥ ಸಾಧನ ಕೊಡುವ ಸರ್ಕಾರಗಳೂ ದಾನಿಗಳೂ ಮುಂದಿನ ಬ್ಯಾಟರಿಯ ಹಣವನ್ನು, ಹತ್ತಿರದ ರಿಪೇರಿಗಾರರ ಸಂಬಳವನ್ನು ಮೊದಲ ದಿನವೇ ತೆಗೆದಿಡಬೇಕು.