ತಾಯಿ ಕಟ್ಟಿಕೊಟ್ಟ ಬುತ್ತಿ

ಸಿ ಭಾಷೆಯ ‘ಮೇನ್’ ಫಂಕ್ಷನ್ನಿಗೆ ಎರಡು ಆರ್ಗ್ಯುಮೆಂಟುಗಳಿರಬಹುದು ಎಂದು ನಮಗೆಲ್ಲ ತರಗತಿಯಲ್ಲಿ ಹೇಳಿಕೊಟ್ಟಿರುತ್ತಾರೆ. ಯುನಿಕ್ಸ್‌ನಲ್ಲಿ ಮೂರನೆಯದೂ ಒಂದಿದೆ. ಅದರ ಹೆಸರು ‘ಎನ್ವ್‌ಪಿ’. ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ ಅದನ್ನು ಯಾರೂ ವಿಚಾರಿಸುವುದಿಲ್ಲ.

ಮೊದಲು ಅದು ಇರಲೂ ಇಲ್ಲ. 1975ರ ಆರನೆಯ ಆವೃತ್ತಿಯ ಯುನಿಕ್ಸ್‌ನಲ್ಲಿ ಒಂದು ಪ್ರೋಗ್ರಾಮು ಇನ್ನೊಂದನ್ನು ಶುರುಮಾಡುವಾಗ ದಾಟಿಸುತ್ತಿದ್ದದ್ದು ಆರ್ಗ್ಯುಮೆಂಟುಗಳ ಪಟ್ಟಿಯನ್ನು ಮಾತ್ರ. ಆಜ್ಞೆಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬುದನ್ನು ಶೆಲ್‌ನ ಒಳಗೇ ಬರೆದಿಟ್ಟಿದ್ದರು. ಅದನ್ನು ಬಳಕೆದಾರರೇ ಬದಲಿಸಿಕೊಳ್ಳುವಂತೆ ಮಾಡಿದವರು ಬೆಲ್ ಲ್ಯಾಬ್ಸ್‌ನ ಜಾನ್ ಮ್ಯಾಶಿ. ಅವರ ಶೆಲ್‌ನಲ್ಲಿ ವೇರಿಯಬಲ್‌ಗಳಿಗೆ ಒಂದೊಂದೇ ಅಕ್ಷರದ ಹೆಸರು.

1979ರ ಏಳನೆಯ ಆವೃತ್ತಿಯೊಂದಿಗೆ ಸ್ಟೀಫನ್ ಬೋರ್ನ್ ಅವರ ಶೆಲ್ ಬಂತು, ಜೊತೆಗೆ ‘ಎನ್ವಿರಾನ್‌ಮೆಂಟ್’ ಎಂಬ ಕಲ್ಪನೆಯೂ ಬಂತು. ಅದರ ಸ್ವರೂಪ ಅಚ್ಚರಿಯಾಗುವಷ್ಟು ಸರಳ: ‘ಹೆಸರು=ಬೆಲೆ’ ಎಂಬ ಮಾದರಿಯ ಅಕ್ಷರಸಾಲುಗಳು, ಕೊನೆಯಲ್ಲೊಂದು ನಲ್ ಪಾಯಿಂಟರ್, ಅಷ್ಟೆ. ಹೋಮ್, ಪಾತ್, ಟರ್ಮ್ ಮುಂತಾದವು ಇದರಲ್ಲೇ ಕೂತು ಪ್ರಯಾಣ ಮಾಡುತ್ತವೆ. ತಾಯಿ ಪ್ರಕ್ರಿಯೆ ಮಗುವಿಗೆ ಬುತ್ತಿ ಕಟ್ಟಿ ಕಳಿಸಿದ ಹಾಗೆ. ಮಗು ಅದನ್ನು ತಿನ್ನಬಹುದು, ಚೆಲ್ಲಬಹುದು, ಬದಲಿಸಿ ಮೊಮ್ಮಗುವಿಗೆ ಕಟ್ಟಬಹುದು. ತಾಯಿಯ ಅಡುಗೆಮನೆಯಲ್ಲಿ ಮಾತ್ರ ಏನೂ ಬದಲಾಗದು. ‘ನನ್ನ ಪ್ರೋಗ್ರಾಮು ಪಾತ್ ಬದಲಿಸಿತು, ಮುಗಿದ ಮೇಲೆ ನೋಡಿದರೆ ಹಳೆಯದೇ ಇದೆಯಲ್ಲ’ ಎಂದು ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿ ಕೇಳುವ ಪ್ರಶ್ನೆಗೆ ಉತ್ತರ ಇಲ್ಲಿದೆ.

ಓದುವುದಕ್ಕೆ ‘ಗೆಟ್‌ಎನ್ವ್’ ಇದೆ. ಕೇಳಿದ ಹೆಸರು ಇಲ್ಲದಿದ್ದರೆ ನಲ್ ಕೊಡುತ್ತದೆ. ಅದನ್ನು ಪರೀಕ್ಷಿಸದೆ ಮುಂದುವರಿದ ಪ್ರೋಗ್ರಾಮುಗಳು ಬೀಳುತ್ತವೆ. ಬರೆಯುವ ವಿಷಯದಲ್ಲಿ ಮಾತ್ರ ಒಮ್ಮತ ಇರಲಿಲ್ಲ. ಸಿಸ್ಟಮ್ ಫೈವ್ ‘ಪುಟ್‌ಎನ್ವ್’ ಕೊಟ್ಟರೆ ಬರ್ಕ್ಲಿಯವರು ‘ಸೆಟ್‌ಎನ್ವ್’ ಕೊಟ್ಟರು. ಸೆಟ್‌ಎನ್ವ್ ಬೆಲೆಯ ನಕಲು ಮಾಡಿಕೊಳ್ಳುತ್ತದೆ. ಪುಟ್‌ಎನ್ವ್ ಹಾಗಲ್ಲ, ನೀವು ಕೊಟ್ಟ ಸಾಲನ್ನೇ ಪಟ್ಟಿಗೆ ಸೇರಿಸಿಬಿಡುತ್ತದೆ. ಫಂಕ್ಷನ್ನಿನೊಳಗಿನ ಸ್ಥಳೀಯ ಅರೇಯನ್ನು ಕೊಟ್ಟು ಹೊರಬಂದರೆ, ಪಟ್ಟಿಯಲ್ಲಿ ಉಳಿಯುವುದು ಯಾರೂ ಇಲ್ಲದ ಮನೆಯ ವಿಳಾಸ. 1989ರ ಅಮೆರಿಕನ್ ಸಿ ಮಾನಕ ಗೆಟ್‌ಎನ್ವ್ ಒಂದನ್ನೇ ಒಳಗೆ ಬಿಟ್ಟುಕೊಂಡಿತು. ಜಾಣತನದ ತೀರ್ಮಾನ ಎಂದೇ ನನಗನ್ನಿಸುತ್ತದೆ.

ಅದೇ 1989ರಲ್ಲಿ ಇನ್ನೊಂದು ಕಡೆ ಇನ್ನೊಂದು ಕೆಲಸ ನಡೆದಿತ್ತು. ಬ್ರಯಾನ್ ಫಾಕ್ಸ್ ಬರೆಯುತ್ತಿದ್ದ ಬ್ಯಾಷ್ ಶೆಲ್‌ಗೆ, ಫಂಕ್ಷನ್‌ಗಳನ್ನೂ ಮಗುವಿಗೆ ದಾಟಿಸುವ ಸೌಲಭ್ಯ ಸೇರಿತು. ಬುತ್ತಿಯಲ್ಲಿ ಹೋಗುವುದು ಅಕ್ಷರ ಮಾತ್ರವಲ್ಲವೇ? ಹಾಗಾಗಿ ಬೆಲೆ ಖಾಲಿ ಆವರಣ ಚಿಹ್ನೆಗಳಿಂದಲೂ ಪುಷ್ಪಾವರಣದಿಂದಲೂ ಆರಂಭವಾದರೆ ಅದು ಫಂಕ್ಷನ್ ಎಂದು ಹೊಸ ಬ್ಯಾಷ್ ತಿಳಿದುಕೊಳ್ಳುತ್ತಿತ್ತು. ತೊಂದರೆಯೇನೆಂದರೆ, ಫಂಕ್ಷನ್ ಮುಗಿದ ಮೇಲೆ ಏನಾದರೂ ಬರೆದಿದ್ದರೆ ಅದನ್ನೂ ಆಜ್ಞೆಯೆಂದು ನಡೆಸಿಬಿಡುತ್ತಿತ್ತು.

ಆಗ ಅದು ಮನೆಯೊಳಗಿನ ಮಾತು. ಬುತ್ತಿ ಕಟ್ಟುವವರು ಮನೆಯವರೇ. ತೊಂಬತ್ತರ ದಶಕದಲ್ಲಿ ವೆಬ್ ಬಂತು, ಅದರೊಡನೆ ಸಿಜಿಐ ಬಂತು. ದೂರದ ಬ್ರೌಸರು ತನ್ನ ಬಗ್ಗೆ ಹೇಳಿಕೊಂಡ ವಿವರಗಳನ್ನು ಸರ್ವರ್ ‘ಎಚ್‌ಟಿಟಿಪಿ’ ಎಂದು ಶುರುವಾಗುವ ಹೆಸರುಗಳ ವೇರಿಯಬಲ್‌ಗಳಲ್ಲಿ ತುಂಬಿ ಪ್ರೋಗ್ರಾಮನ್ನು ಓಡಿಸುತ್ತಿತ್ತು. ಅಂದರೆ ದಾರಿಹೋಕರೂ ಬುತ್ತಿಗೆ ಕೈಹಾಕಬಹುದಾಯಿತು. ಪ್ರೋಗ್ರಾಮು ಸಿಯಲ್ಲಿದ್ದರೂ ಪಾರಾಗುವ ಭರವಸೆಯಿಲ್ಲ: ಅದು ‘ಸಿಸ್ಟಮ್’ ಫಂಕ್ಷನ್ ಕರೆದರೆ ಒಳಗೊಳಗೇ ಶೆಲ್ ಎದ್ದು ಕೂರುತ್ತದೆ, ಹಲವು ಲಿನಕ್ಸ್‌ಗಳಲ್ಲಿ ಆ ಶೆಲ್ ಬ್ಯಾಷ್ ಆಗಿತ್ತು. ಬೇರೆ ಶೆಲ್ ಇಟ್ಟಿದ್ದ ಡೆಬಿಯನ್‌ನಂಥವು ಈ ದಾರಿಯಲ್ಲಿ ಮಟ್ಟಿಗೆ ಬಚಾವಾದವು.

ಇಪ್ಪತ್ತೈದು ವರ್ಷ ಇದು ಸಾರ್ವಜನಿಕವಾಗಿ ಗೊತ್ತಾಗಲಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಸ್ಟೆಫಾನ್ ಶಾಜೆಲಾಸ್ ಕಂಡುಹಿಡಿದರು. 24ರಂದು ವಿಷಯ ಬಯಲಾಯಿತು, ಶೆಲ್‌ಶಾಕ್ ಎಂಬ ಹೆಸರು ಅಂಟಿತು. ಮೊದಲ ತೇಪೆ ಸಾಲದೆ, ಕೆಲವೇ ದಿನಗಳಲ್ಲಿ ಇನ್ನಷ್ಟು ಹಾಕಬೇಕಾಯಿತು.

ಆಗ ಉಳಿದ ಪರಿಹಾರ ಸರಳವಾಗಿತ್ತು. ದಾಟಿಸುವ ಫಂಕ್ಷನ್ನಿನ ವೇರಿಯಬಲ್‌ಗೆ ಈಗ ‘ಬ್ಯಾಷ್ ಫಂಕ್’ ಎಂದು ಶುರುವಾಗುವ ಬೇರೆಯೇ ಹೆಸರಿರುತ್ತದೆ. ಬೆಲೆ ಹೇಗೇ ಕಾಣಲಿ, ಹೆಸರು ಹಾಗಿಲ್ಲದಿದ್ದರೆ ಬ್ಯಾಷ್ ಅದನ್ನು ಬರಿಯ ಅಕ್ಷರವೆಂದೇ ಬಿಡುತ್ತದೆ. ಬ್ರೌಸರು ಕಳಿಸಿದ ವಿವರಗಳ ಹೆಸರನ್ನು ಇಡುವುದು ಸರ್ವರ್. ಅವು ‘ಎಚ್‌ಟಿಟಿಪಿ’ಯಿಂದಲೇ ಶುರುವಾಗುತ್ತವೆ.