ಉಸಿರಿನ ನೆಲೆ

ಎಲುಬಿನೊಳಗಣ ಸಾರವನ್ನು ನಮ್ಮ ವೈದ್ಯರು ಮಜ್ಜೆಯೆಂದರು. ಲ್ಯಾಟಿನ್ ಭಾಷೆಯಲ್ಲಿ ಅದು ಮೆಡುಲಾ. ಬೆನ್ನೆಲುಬಿನ ಕೊಳವೆಯಲ್ಲಿ ಮೆತ್ತಗಿರುವ ಹುರಿಯನ್ನೂ ಪಾಶ್ಚಾತ್ಯರು ಮಜ್ಜೆಯೆಂದೇ ಬಗೆದು, ಅದು ತಲೆಬುರುಡೆಯನ್ನು ಹೊಕ್ಕು ಮೆದುಳಿನ ಬುಡವನ್ನು ಕೂಡುವ ಭಾಗಕ್ಕೆ 'ಮೆಡುಲಾ ಆಬ್ಲಾಂಗೇಟಾ', ಎಂದರೆ ನೀಳ್ಮಜ್ಜೆ, ಎಂದು ಹೆಸರಿಟ್ಟರು. ಮೂತ್ರಪಿಂಡದ ಒಳತಿರುಳಿಗೂ ಮೆಡುಲಾ ಎಂದೇ ಹೆಸರು. ನೀಳ್ಮಜ್ಜೆಯಾದರೋ ನರದ್ರವ್ಯವೇ ಹೊರತು ಮಜ್ಜೆಯಲ್ಲ. ಆದರೂ ಹೆಸರು ನಿಂತುಹೋಯಿತು.

ಕತ್ತಿನ ಮೊದಲ ಮಣಿಗಳ ಬಳಿ ಹುರಿಯನ್ನು ಕಡಿದರೆ ಪ್ರಾಣಿಯು ಒಡನೆಯೇ ಸಾಯುವುದೆಂಬುದನ್ನು ಎರಡನೆಯ ಶತಮಾನದಲ್ಲಿಯೇ ಗೇಲನ್ ಕಂಡಿದ್ದನು. ಕಾರಣವನ್ನು ಬೆನ್ನಟ್ಟಿದವನು ಫ್ರಾನ್ಸಿನ ಲೆಗಾಲ್ವಾ. ತಾಯಿಯ ಸಂಬಂಧ ಕಡಿದ ಶಿಶುವು ಉಸಿರಾಡದೆ ಎಷ್ಟು ಹೊತ್ತು ಬದುಕಬಲ್ಲದೆಂಬ ಪ್ರಶ್ನೆ ಹೆರಿಗೆಯೊಂದರ ಪ್ರಸಂಗದಿಂದ ಅವನಲ್ಲಿ ಹುಟ್ಟಿತು. ಮೊಲದ ಮರಿಗಳ ಮೆದುಳನ್ನು ಅವನು ಮುಂದಿನಿಂದ ಹಿಂದಕ್ಕೆ ಪದರಪದರವಾಗಿ ತೆಗೆಯುತ್ತ ಹೋದನು. ನೋವು ಮರೆಸುವ ಮದ್ದು ಆಗಿನ್ನೂ ಬಂದಿರಲಿಲ್ಲ. ಆ ಮೂಕಜೀವಿಗಳ ಪಾಡನ್ನು ನೆನೆಯದೆ ಈ ಚರಿತ್ರೆಯನ್ನು ಓದಲಾಗದು. ಹಿರಿಮೆದುಳು ಹೋದರೂ ಉಸಿರು ನಿಲ್ಲಲಿಲ್ಲ. ನೀಳ್ಮಜ್ಜೆಯಲ್ಲಿ ವೇಗಸ್ ನರವು ಹೊರಡುವ ಎಡೆಯನ್ನು ಕೊಯ್ದೊಡನೆ ನಿಂತಿತು. ಈ ಶೋಧವು 1812ರಲ್ಲಿ ಗ್ರಂಥವಾಗಿ ಹೊರಬಂದಿತು.

ತರುವಾಯ ಫ್ಲೂರಾಂಸನು ಆ ಎಡೆಯನ್ನು ಗುಂಡುಸೂಜಿಯ ತಲೆಯಷ್ಟಕ್ಕೆ ಕಿರಿದುಗೊಳಿಸಿ 'ಪ್ರಾಣದ ಗಂಟು' ಎಂದು ಕರೆದನು. ಹೆಸರು ಸೊಗಸಾಗಿದೆ, ಆದರೆ ಸರಿಯಲ್ಲ. ತಲೆ ಕಡಿದ ಮೊಲದ ಶ್ವಾಸನಾಳಕ್ಕೆ ಗಾಳಿಯನ್ನೂದುತ್ತಿದ್ದರೆ ಮುಂಡವು ಕೆಲಕಾಲ ಬದುಕಿರುವುದನ್ನು ಲೆಗಾಲ್ವಾ ಮೊದಲೇ ತೋರಿಸಿದ್ದನಷ್ಟೆ! ಅಲ್ಲಿ ಕೆಟ್ಟದ್ದು ಉಸಿರಿನ ಆಜ್ಞೆ, ಜೀವವಲ್ಲ.

ಈ ಭೇದದ ಬೆಲೆ 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ತಿಳಿಯಿತು. ಆ ವರ್ಷ ಅಲ್ಲಿ ಹಬ್ಬಿದ ಪೋಲಿಯೋ ಬೇನೆಯು ಅನೇಕರಲ್ಲಿ ನೀಳ್ಮಜ್ಜೆಯನ್ನೇ ಹಿಡಿದಿತು. ಉಸಿರು ಸೋತವರಲ್ಲಿ ಮೊದಲ 31 ಮಂದಿಯ ಪೈಕಿ 27 ಮಂದಿ ತೀರಿಕೊಂಡರು. ಆಗಸ್ಟ್ 27ರಂದು ವೈದ್ಯ ಬ್ಯೋರ್ನ್ ಇಬ್ಸನ್ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಗಂಟಲಲ್ಲಿ ರಂಧ್ರಮಾಡಿಸಿ, ನಳಿಕೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಹಿಸುಕಿ ಗಾಳಿ ತುಂಬಿದನು. ಹುಡುಗಿ ಉಳಿದಳು. ಅನಂತರ ವೈದ್ಯವಿದ್ಯಾರ್ಥಿಗಳು ಸರದಿಯಂತೆ ಹಾಸಿಗೆಗಳ ಪಕ್ಕದಲ್ಲಿ ಕುಳಿತು, ಹಗಲಿರುಳು, ವಾರಗಟ್ಟಲೆ, ಆ ಚೀಲಗಳನ್ನು ಹಿಸುಕಿದರು. ಮೆದುಳಿನ ಬುಡದ ಅಂಗುಲದಷ್ಟು ತುಣುಕು ಮಾಡಬೇಕಾದ ಕೆಲಸವನ್ನು ಅವರ ಕೈಗಳು ಮಾಡಿದುವು.